ಪೋಕರ್‌ನಲ್ಲಿ ಬೆಟ್ ಕಟ್ಟುವ ಲೆಕ್ಕ: ಹೊಸಬರಿಗೆ ಸಮಗ್ರ ಮಾರ್ಗದರ್ಶಿ

ಮೂರೆಲೆ ಆಡಿ ಪಳಗಿದವರು ಪೋಕರ್ ಮೇಜಿಗೆ ಬರುವಾಗ ಒಂದು ಅಭ್ಯಾಸವನ್ನೂ ಜೊತೆಗೆ ತರುತ್ತಾರೆ: ಎಲೆ ಚೆನ್ನಾಗಿದ್ದರೆ ಜಾಸ್ತಿ ಹಾಕು, ಸುಮಾರಾಗಿದ್ದರೆ ಕಡಿಮೆ ಹಾಕು. ಹೊಸಬರ ಚಿಪ್ಸ್ ಕರಗುವುದು ಬಹುಪಾಲು ಈ ಅಭ್ಯಾಸದಿಂದಲೇ. ಎದುರಿನವರು ನಿಮ್ಮ ಮುಖ ಓದಬೇಕಾಗಿಲ್ಲ. ನಾಲ್ಕು ಆಟ ನಿಮ್ಮ ಬೆಟ್‌ನ ಗಾತ್ರ ನೋಡಿದರೆ ಸಾಕು, ಐದನೆಯದರಲ್ಲಿ ನಿಮ್ಮ ಎಲೆ ತೆರೆದಿಟ್ಟ ಹಾಗೆಯೇ.

ಬೆಟ್ ಎಂದರೆ ಎದುರಾಳಿಗೆ ನೀವು ಹೇಳುವ ಬೆಲೆ. ಮುಂದಿನ ಎಲೆ ನೋಡಬೇಕಾದರೆ ಇಷ್ಟು ಕೊಡು ಎಂದು ಕೇಳುವುದು. ಬೆಲೆ ಹೇಳಬೇಕಾದರೆ ಸರಕಿನ ಮೊತ್ತ ಗೊತ್ತಿರಬೇಕು, ಆ ಮೊತ್ತ ಮೇಜಿನ ನಡುವೆ ರಾಶಿ ಬಿದ್ದಿರುವ ಪಾಟ್. ಆದ್ದರಿಂದ 200 ಚಿಪ್ಸ್ ದೊಡ್ಡ ಬೆಟ್ಟೋ ಚಿಕ್ಕದೋ ಎಂಬ ಪ್ರಶ್ನೆಗೆ ಹಾಗೇ ಉತ್ತರವಿಲ್ಲ. 300ರ ಪಾಟ್‌ಗೆ ಅದು ದೊಡ್ಡದು, 3,000ದ ಪಾಟ್‌ಗೆ ದಾನ. ಮುಂದಿನದೆಲ್ಲ ಈ ಒಂದು ಮಾತಿನ ವಿಸ್ತರಣೆ.

ಇಲ್ಲಿ ಹೇಳುತ್ತಿರುವುದು ನೋ-ಲಿಮಿಟ್ ಟೆಕ್ಸಸ್ ಹೋಲ್ಡೆಮ್ ಬಗ್ಗೆ. ಅಮೆರಿಕದ ಟೆಕ್ಸಸ್ ರಾಜ್ಯದ ರಾಬ್ಸ್‌ಟೌನ್ ಇದರ ಹುಟ್ಟೂರು ಎಂದು ಆ ರಾಜ್ಯದ ಶಾಸನಸಭೆಯೇ ಮಾನ್ಯ ಮಾಡಿದೆ. 1970ರಲ್ಲಿ ಲಾಸ್ ವೇಗಸ್‌ನಲ್ಲಿ ಶುರುವಾದ ವರ್ಲ್ಡ್ ಸೀರೀಸ್ ಆಫ್ ಪೋಕರ್‌ನ ಮುಖ್ಯ ಪಂದ್ಯವೂ ಇದೇ ಮಾದರಿಯಲ್ಲಿ ನಡೆಯುತ್ತದೆ. ನೋ-ಲಿಮಿಟ್ ಎಂದರೆ ಎಷ್ಟು ಬೇಕಾದರೂ, ನಿಮ್ಮ ಮುಂದಿರುವ ಅಷ್ಟೂ ಚಿಪ್ಸ್‌ವರೆಗೂ, ಬೆಟ್ ಕಟ್ಟಬಹುದು. ಗಾತ್ರವನ್ನು ಆರಿಸುವ ಕೆಲಸ ನಿಮ್ಮ ತಲೆಗೆ ಬಂದಿದ್ದು ಈ ಸ್ವಾತಂತ್ರ್ಯದಿಂದಲೇ.

ಕಾನೂನಿನ ವಿಷಯವನ್ನೂ ಮೊದಲೇ ಹೇಳಿಬಿಡಬೇಕು. 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಗೇಮಿಂಗ್ ಕಾಯ್ದೆ, ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ಕೌಶಲದ್ದು, ಅದೃಷ್ಟದ್ದು ಎಂಬ ಭೇದವಿಲ್ಲದೆ ನಿಷೇಧಿಸಿದೆ. ಹಾಗಾಗಿ ಇಲ್ಲಿನ ಎಲ್ಲ ಲೆಕ್ಕವೂ ಬರೀ ಚಿಪ್ಸ್‌ನಲ್ಲಿದೆ. ಕಲಿಯುವುದಕ್ಕೆ ಒಂದು ಇಸ್ಪೀಟ್ ಕಟ್ಟು, ಒಂದು ಡಬ್ಬಿ ಕ್ಯಾರಂ ಕಾಯಿ ಅಥವಾ ಹುಣಸೆಬೀಜ ಸಾಕು.

ಮೇಜಿನ ಅಡಿಪಾಯ

ಪ್ರತಿಯೊಬ್ಬರಿಗೂ ಎರಡು ಗುಪ್ತ ಎಲೆ. ನಡುವೆ ಎಲ್ಲರಿಗೂ ಸೇರಿದ ಐದು ಎಲೆ: ಮೊದಲು ಒಟ್ಟಿಗೆ ಮೂರು (ಫ್ಲಾಪ್), ಆಮೇಲೆ ಒಂದು (ಟರ್ನ್), ಕೊನೆಗೆ ಇನ್ನೊಂದು (ರಿವರ್). ಏಳರಲ್ಲಿ ಅತ್ಯುತ್ತಮ ಐದು ಎಲೆಯೇ ನಿಮ್ಮ ಕೈ. ಬೆಟ್ಟಿಂಗ್ ನಾಲ್ಕು ಸುತ್ತು: ಫ್ಲಾಪ್‌ಗೆ ಮೊದಲು, ಫ್ಲಾಪ್, ಟರ್ನ್, ರಿವರ್. ಮೂರೆಲೆಯಿಂದ ಬಂದವರು ಒಂದು ವಿಷಯ ಮರೆಯಬಾರದು: ಅಲ್ಲಿ ಸೀಕ್ವೆನ್ಸ್ ಕಲರ್‌ಗಿಂತ ದೊಡ್ಡದು, ಇಲ್ಲಿ ಐದೆಲೆಯ ಕಲರ್, ಅಂದರೆ ಫ್ಲಶ್, ಸೀಕ್ವೆನ್ಸ್‌ಗಿಂತ ದೊಡ್ಡದು.

ಎಲೆ ಹಂಚುವ ಮೊದಲೇ ಬಟನ್‌ನ (ಹಂಚುವವರ ಜಾಗದ ಗುರುತು) ಎಡಕ್ಕಿರುವವರು ಸ್ಮಾಲ್ ಬ್ಲೈಂಡ್, ಅವರ ಎಡಕ್ಕಿರುವವರು ಬಿಗ್ ಬ್ಲೈಂಡ್ ಎಂಬ ಕಡ್ಡಾಯ ಬೆಟ್ ಹಾಕುತ್ತಾರೆ. ನಮ್ಮ ಉದಾಹರಣೆಗಳಲ್ಲಿ ಬ್ಲೈಂಡ್ 50 ಮತ್ತು 100, ಆಟಗಾರರು ಆರು ಜನ, ಪ್ರತಿಯೊಬ್ಬರ ಹತ್ತಿರ 10,000 ಚಿಪ್ಸ್. ಅಂದರೆ 100 ಬಿಗ್ ಬ್ಲೈಂಡ್. ಫ್ಲಾಪ್ ನಂತರದ ಪ್ರತಿ ಸುತ್ತಿನಲ್ಲೂ ಬಟನ್ ಮೇಲಿರುವವರು ಕೊನೆಗೆ ಮಾತಾಡುತ್ತಾರೆ. ಎಲ್ಲರೂ ಏನು ಮಾಡಿದರು ಎಂದು ನೋಡಿ ತೀರ್ಮಾನಿಸುವ ಅನುಕೂಲ ಅದು. ಹೊಸಬರು ಇದಕ್ಕೆ ಕೊಡಬೇಕಾದ ಬೆಲೆ ಕೊಡುವುದೇ ಇಲ್ಲ.

ಕನಿಷ್ಠ ರೈಸ್‌ನ ನಿಯಮ: ಹಿಂದಿನ ಬೆಟ್ ಅಥವಾ ರೈಸ್ ಎಷ್ಟು ಏರಿತ್ತೋ ಕನಿಷ್ಠ ಅಷ್ಟಾದರೂ ನೀವು ಏರಿಸಬೇಕು. ಬಿಗ್ ಬ್ಲೈಂಡ್ 100, ಒಬ್ಬರು 300ಕ್ಕೆ ಏರಿಸಿದರು, ಅಂದರೆ 200 ಏರಿತು. ನಿಮ್ಮ ಮರುರೈಸ್ 500ಕ್ಕಿಂತ ಕಡಿಮೆಯಿರುವಂತಿಲ್ಲ.

ಎದುರುಬದುರು ಕೂತು ಆಡುವ ಮೇಜುಗಳಲ್ಲಿ, ಗೋವಾದ ಕ್ಯಾಸಿನೊ ಆಗಲಿ ಗೆಳೆಯರ ಮನೆಯಾಗಲಿ, ಹೊಸಬರು ಎರಡು ಕಡೆ ಎಡವುತ್ತಾರೆ. ಮೊದಲು ಕಾಲ್‌ಗೆ, ಅಂದರೆ ಎದುರಿನ ಬೆಟ್‌ಗೆ ಸರಿಗಟ್ಟಲು, ಬೇಕಾದಷ್ಟು ಚಿಪ್ಸ್ ಇಟ್ಟು, ಮತ್ತೆ ಕೈ ಹಿಂದೆ ತೆಗೆದು ಇನ್ನಷ್ಟು ತಂದು ಇಟ್ಟರೆ ಅದು ಸ್ಟ್ರಿಂಗ್ ಬೆಟ್. ಎರಡನೇ ಕಂತು ಲೆಕ್ಕಕ್ಕಿಲ್ಲ, ನಿಮ್ಮದು ಬರೀ ಕಾಲ್ ಆಗುತ್ತದೆ. ಹಾಗೆಯೇ 300ರ ಬೆಟ್‌ಗೆ ಬಾಯಿ ಬಿಡದೆ 1,000ದ ಒಂದೇ ಚಿಪ್ ಎಸೆದರೂ ಅದು ಕಾಲ್. ಎರಡಕ್ಕೂ ಮದ್ದು ಒಂದೇ: ಚಿಪ್ಸ್ ಮುಟ್ಟುವ ಮುನ್ನ "ರೈಸ್, ಒಂಬೈನೂರು" ಎಂದು ಬಾಯಲ್ಲಿ ಹೇಳಿ. ನಿಮ್ಮ ಸರದಿಯಲ್ಲಿ ಆಡಿದ ಮಾತು ನಿಮ್ಮನ್ನು ಕಟ್ಟಿಹಾಕುತ್ತದೆ, ಆದ್ದರಿಂದ ಯೋಚಿಸಿಯೇ ಹೇಳಿ.

ಹಂತ 1: ಪಾಟ್ ಎಣಿಸುತ್ತಲೇ ಇರಿ

ಇದು ಬೇಸರದ ಕೆಲಸ, ಆದರೆ ಇದಿಲ್ಲದೆ ಮುಂದಿನ ಯಾವುದೂ ನಿಲ್ಲುವುದಿಲ್ಲ. ಬಟನ್‌ನಿಂದ ನೀವು 300ಕ್ಕೆ ಏರಿಸಿದಿರಿ, ಸ್ಮಾಲ್ ಬ್ಲೈಂಡ್ ಬಿಟ್ಟುಕೊಟ್ಟರು, ಬಿಗ್ ಬ್ಲೈಂಡ್ ಕಾಲ್ ಮಾಡಿದರು. ಪಾಟ್ 300 + 300 + 50 = 650. ಈ ಸಂಖ್ಯೆಯನ್ನು ಮನಸ್ಸಿನಲ್ಲೇ ಹಿಡಿದುಕೊಳ್ಳಿ, ಪ್ರತಿ ಬೆಟ್, ಪ್ರತಿ ಕಾಲ್ ಆದಾಗಲೂ ಕೂಡಿಸುತ್ತ ಹೋಗಿ. ಫ್ಲಾಪ್ ಬಿದ್ದ ಕೂಡಲೇ ಮೂರು ಗಾತ್ರ ನಾಲಿಗೆ ತುದಿಯಲ್ಲಿರಲಿ: ಮೂರನೇ ಒಂದು ಭಾಗ ಸುಮಾರು 215, ಅರ್ಧ 325, ಮೂರನೇ ಎರಡು ಭಾಗ ಸುಮಾರು 430. ಶುರುವಿನಲ್ಲಿ ಇಷ್ಟು ಸಾಕು.

ಪಾಟ್ ಚಕ್ರಬಡ್ಡಿಯ ಹಾಗೆ ಬೆಳೆಯುತ್ತದೆ. 650ರ ಪಾಟ್‌ನಲ್ಲಿ ಮೂರೂ ಸುತ್ತು ಅರ್ಧ ಪಾಟ್ ಕಟ್ಟಿ, ಮೂರೂ ಸಲ ಒಬ್ಬರು ಕಾಲ್ ಮಾಡಿದರೆ ನಿಮ್ಮಿಂದ ಹೋಗುವುದು 325, 650, 1,300. ಒಟ್ಟು 2,275. ಪ್ರತಿ ಸಲವೂ ಪೂರ್ತಿ ಪಾಟ್ ಕಟ್ಟಿದರೆ 650, 1,950, 5,850. ಒಟ್ಟು 8,450. ಫ್ಲಾಪ್‌ನಲ್ಲಿ ಎರಡರ ಅಂತರ ಬರೀ 325, ರಿವರ್ ಹೊತ್ತಿಗೆ ಆರು ಸಾವಿರ ದಾಟಿತು. ಬಲವಾದ ಕೈ ಹಿಡಿದು ಫ್ಲಾಪ್‌ನಲ್ಲಿ "ಹೆದರಿಸಬಾರದು" ಎಂದು 100 ಕಟ್ಟುವವರು ಕಳೆದುಕೊಳ್ಳುವುದು ಅಲ್ಲಿನ ಇನ್ನೂರು ಮುನ್ನೂರನ್ನಲ್ಲ, ರಿವರ್‌ನ ಸಾವಿರಗಳನ್ನು.

ಹಂತ 2: ಬೆಲೆಯ ಲೆಕ್ಕ ಕಲಿಯಿರಿ

ನೀವು ಬೆಟ್ ಕಟ್ಟಿದಾಗ ಎದುರಾಳಿ ಕಾಲ್ ಮಾಡಲು ಎಷ್ಟು ಗೆಲ್ಲುವ ಸಾಧ್ಯತೆ ಬೇಕು? ಕಾಲ್‌ನ ಮೊತ್ತವನ್ನು, ಕಾಲ್ ಆದ ನಂತರದ ಒಟ್ಟು ಪಾಟ್‌ನಿಂದ ಭಾಗಿಸಿ. ಪಾಟ್ 1,000, ಬೆಟ್ 500. ಕಾಲ್ 500, ಕಾಲ್ ನಂತರ ಪಾಟ್ 2,000. ಬೇಕಾದದ್ದು ಶೇ. 25.

ಬಾಯಿಪಾಠ ಮಾಡಬೇಕಾದದ್ದು ಇಷ್ಟೇ. ಮೂರನೇ ಒಂದು ಭಾಗದ ಬೆಟ್‌ಗೆ ಕಾಲ್ ಮಾಡಲು ಶೇ. 20 ಬೇಕು, ಅರ್ಧಕ್ಕೆ 25, ಮೂರನೇ ಎರಡಕ್ಕೆ ಸುಮಾರು 29, ಪೂರ್ತಿ ಪಾಟ್‌ಗೆ 33, ಪಾಟ್‌ನ ಎರಡರಷ್ಟಕ್ಕೆ 40.

ಇದಕ್ಕೆ ಇನ್ನೊಂದು ಮುಖವಿದೆ. ನಿಮ್ಮ ಕೈಯಲ್ಲಿ ಏನೂ ಇಲ್ಲದೆ ಬ್ಲಫ್ ಕಟ್ಟಿದರೆ, ನಷ್ಟವಿಲ್ಲದೆ ಹೊರಬರಲು ಎದುರಾಳಿ ಎಷ್ಟು ಸಲ ಬಿಟ್ಟುಕೊಡಬೇಕು? ಬೆಟ್ಟನ್ನು ಬೆಟ್ ಮತ್ತು ಪಾಟ್‌ನ ಮೊತ್ತದಿಂದ ಭಾಗಿಸಿ. ಮೂರನೇ ಒಂದಕ್ಕೆ ಶೇ. 25, ಅರ್ಧಕ್ಕೆ 33, ಮೂರನೇ ಎರಡಕ್ಕೆ 40, ಪೂರ್ತಿಗೆ 50. ಚಿಕ್ಕ ಬ್ಲಫ್ ಅಗ್ಗ, ನಾಲ್ಕರಲ್ಲಿ ಒಂದು ಸಲ ಫಲಿಸಿದರೂ ಸಾಕು.

ಈ ಲೆಕ್ಕದಲ್ಲಿ ಎರಡು ಹಳೆಯ ತಪ್ಪುಗಳನ್ನು ಅಳೆದು ನೋಡೋಣ. 650ರ ಪಾಟ್‌ಗೆ 100 ಕಟ್ಟಿದರೆ ಎದುರಾಳಿಗೆ ಬೇಕಾದದ್ದು ಶೇ. 12 ಮಾತ್ರ. ಯಾವ ಫ್ಲಶ್ ಆಸೆಯವರೂ (ಒಂದೇ ರಂಗಿನ ನಾಲ್ಕು ಸಿಕ್ಕಿ ಐದನೆಯದಕ್ಕೆ ಕಾದಿರುವವರು) ಕಣ್ಣುಮುಚ್ಚಿ ಕಾಲ್ ಮಾಡುತ್ತಾರೆ, ಮಾಡಿದ್ದು ಸರಿಯೂ ಆಗುತ್ತದೆ. ಅದೇ 650ಕ್ಕೆ ಉಳಿದ 9,700 ಪೂರ್ತಿ ತಳ್ಳಿದರೆ, ಬ್ಲಫ್ ಆಗಿ ಅದು ಶೇ. 94ರಷ್ಟು ಸಲ ಫಲಿಸಬೇಕು. ಒಳ್ಳೆಯ ಕೈಯಿಂದ ಹಾಗೆ ತಳ್ಳಿದರೆ ನಿಮಗಿಂತ ಬಡವಾದ ಎಲೆಯವರೆಲ್ಲ ಓಡಿಹೋಗಿ, ನಿಮ್ಮನ್ನು ಸೋಲಿಸುವವರು ಮಾತ್ರ ಉಳಿಯುತ್ತಾರೆ.

ಹಂತ 3: ಔಟ್ಸ್ ಎಣಿಸಿ

ನಿಮ್ಮ ಕೈಯನ್ನು ಗೆಲ್ಲುವ ಕೈಯಾಗಿ ಮಾಡುವ ಎಲೆಗಳೇ ಔಟ್ಸ್. ನಾಲ್ಕು ಆಟಿನ್ ಇದ್ದರೆ ಉಳಿದ ಆಟಿನ್ ಒಂಬತ್ತು. ಎರಡೂ ತುದಿ ತೆರೆದ ಸೀಕ್ವೆನ್ಸ್ ಆಸೆಗೆ (6-7-8-9 ಇದ್ದು, ಐದು ಅಥವಾ ಹತ್ತು ಬೇಕು) ಎಂಟು. ನಡುವಿನ ಒಂದೇ ಎಲೆ ಬೇಕಿದ್ದರೆ ನಾಲ್ಕು.

ಇನ್ನು ಒಂದೇ ಎಲೆ ಬರುವುದಿದ್ದರೆ ಔಟ್ಸ್‌ನ್ನು ಎರಡರಿಂದ ಗುಣಿಸಿ, ಎರಡೂ ಎಲೆ ಖಚಿತವಾಗಿ ನೋಡಲು ಸಿಗುವುದಾದರೆ ನಾಲ್ಕರಿಂದ. ಒಂಬತ್ತು ಔಟ್ಸ್‌ಗೆ 18 ಮತ್ತು 36 ಸಿಗುತ್ತದೆ, ನಿಜವಾದ ಲೆಕ್ಕ ಸುಮಾರು 19 ಮತ್ತು 35. ಮೇಜಿನ ಮೇಲೆ ಇಷ್ಟು ನಿಖರತೆ ಧಾರಾಳ.

ನಾಲ್ಕರ ಗುಣಾಕಾರವೇ ಬಹಳ ಜನರ ಕತ್ತು ಕೊಯ್ಯುವುದು. ಫ್ಲಾಪ್‌ನಲ್ಲಿ ಫ್ಲಶ್ ಆಸೆ ಹಿಡಿದವರು "ಶೇ. 35 ಇದೆ, ಬೇಕಾದದ್ದು 29" ಎಂದು ಕಾಲ್ ಮಾಡುತ್ತಾರೆ. ಆದರೆ ಆ ಬೆಲೆಗೆ ಅವರು ಕೊಂಡದ್ದು ಟರ್ನ್ ಎಲೆಯನ್ನು ಮಾತ್ರ. ರಿವರ್ ನೋಡಲು ಇನ್ನೊಂದು ಬೆಟ್ ತೆರಬೇಕು. ಇಬ್ಬರಲ್ಲೊಬ್ಬರು ಫ್ಲಾಪ್‌ನಲ್ಲೇ ಆಲ್-ಇನ್ ಆಗಿದ್ದರೆ, ಅಂದರೆ ಇದ್ದ ಚಿಪ್ಸ್ ಪೂರ್ತಿ ಹಾಕಿದ್ದರೆ, ಮಾತ್ರ ನಾಲ್ಕರ ಲೆಕ್ಕ. ಉಳಿದಂತೆ ಎರಡರ ಲೆಕ್ಕವೇ ಸರಿ.

ಹಾಗಾದರೆ ಫ್ಲಶ್ ಆಸೆಯನ್ನು ಯಾವಾಗಲೂ ಬಿಟ್ಟುಕೊಡಬೇಕೇ? ಬೇಡ. ಎಲೆ ಬಿದ್ದ ಮೇಲೆ ಇನ್ನೆಷ್ಟು ಸಿಗಬಹುದು ಎಂಬುದನ್ನೂ ಸೇರಿಸಿ. ಟರ್ನ್‌ನಲ್ಲಿ ಪಾಟ್ 1,000, ಬೆಟ್ 500. ಕಾಣದ 46 ಎಲೆಯಲ್ಲಿ ಒಂಬತ್ತು ನಿಮ್ಮವು, 37 ಅಲ್ಲ. ಅಂದರೆ ಒಂದು ಗೆಲುವಿಗೆ ಸುಮಾರು 4.1 ಸೋಲು. 500ಕ್ಕೆ ಸುಮಾರು 2,055 ಗೆಲ್ಲುವಂತಿರಬೇಕು, ಸದ್ಯ ಇರುವುದು 1,500. ಫ್ಲಶ್ ಬಿದ್ದಾಗ ರಿವರ್‌ನಲ್ಲಿ ಸರಾಸರಿ ಇನ್ನೊಂದು 560ರಷ್ಟು ಎದುರಾಳಿಯಿಂದ ಹೊರಡುತ್ತದೆಂದು ಅನ್ನಿಸಿದರೆ ಕಾಲ್ ಸರಿ. ಎದುರಾಳಿಯ ಮುಂದೆ 300 ಮಾತ್ರ ಉಳಿದಿದ್ದರೆ ಅನ್ನಿಸುವ ಮಾತೇ ಇಲ್ಲ, ಬಿಡಿ.

ಚಿಕ್ಕ ಜೋಡಿಗಳೂ ಇದೇ ಜಾತಿಗೆ ಸೇರಿದವು. ಕೈಯಲ್ಲಿ ಜೋಡಿ ಇದ್ದು ಫ್ಲಾಪ್‌ನಲ್ಲಿ ಮೂರನೆಯದು ಬೀಳುವುದು ಸುಮಾರು ಎಂಟೂವರೆ ಸಲಕ್ಕೊಮ್ಮೆ. ಬಿದ್ದಾಗಲೆಲ್ಲ ಪೂರ್ತಿ ಹಣ ಬರುವುದಿಲ್ಲ, ಹಾಗಾಗಿ ರೈಸ್‌ನ ಕನಿಷ್ಠ 15 ಪಟ್ಟು ಚಿಪ್ಸ್ ಇಬ್ಬರ ಬಳಿಯೂ ಇದ್ದರೆ ಮಾತ್ರ ಆ ಆಸೆಗೆ ಕಾಲ್ ಮಾಡಿ.

ಹಂತ 4: ಫ್ಲಾಪ್‌ಗೆ ಮೊದಲಿನ ಬೆಟ್

ಮೊದಲು ಒಳಗೆ ಬರುವವರು ನೀವಾದರೆ ಏರಿಸಿಯೇ ಬನ್ನಿ. ಬರೀ 100 ಹಾಕಿ ನುಸುಳುವುದಕ್ಕೆ ಲಿಂಪ್ ಎನ್ನುತ್ತಾರೆ. ಅದರಿಂದ ಬ್ಲೈಂಡ್‌ಗಳನ್ನು ಅಲ್ಲೇ ಗೆಲ್ಲುವ ಅವಕಾಶವೂ ಹೋಗುತ್ತದೆ, ಹಿಂದಿನವರಿಗೆಲ್ಲ ಅಗ್ಗದ ಟಿಕೆಟ್ ಸಿಗುತ್ತದೆ. ಎಕ್ಕದ ಜೋಡಿ ಒಬ್ಬ ಎದುರಾಳಿಯ ಯಾವುದೋ ಎರಡೆಲೆಯ ಮುಂದೆ ಶೇ. 85ರಷ್ಟು ಗೆಲ್ಲುತ್ತದೆ. ಐವರು ಎದುರಾಳಿಗಳು ಉಳಿದುಕೊಂಡರೆ ಅದೇ ಜೋಡಿಯ ಗೆಲುವು ಶೇ. 50ಕ್ಕಿಂತ ಕೆಳಗಿಳಿಯುತ್ತದೆ. ಎಕ್ಕದ ಜೋಡಿ ಹಿಡಿದು ಮೆಲ್ಲಗೆ ಆಡುವ ಜಾಣತನದ ಬೆಲೆ ಇದು.

ಗಾತ್ರ: ಸಾಧಾರಣವಾಗಿ 300, ನಿಮಗಿಂತ ಮೊದಲೇ ಲಿಂಪ್ ಮಾಡಿದವರಿದ್ದರೆ ಒಬ್ಬೊಬ್ಬರಿಗೆ ಇನ್ನೊಂದು 100 ಸೇರಿಸಿ. ಇಬ್ಬರು ನುಸುಳಿದ್ದರೆ 500. ಎಲ್ಲರೂ ಎಲ್ಲಕ್ಕೂ ಕಾಲ್ ಮಾಡುವ ಮೇಜಿನಲ್ಲಿ 400ರಿಂದಲೇ ಶುರು ಮಾಡಬಹುದು. ಎಕ್ಕದ ಜೋಡಿಗೂ ಏಳು-ಎಂಟಕ್ಕೂ ಒಂದೇ ಗಾತ್ರವಿರಲಿ. ಇಷ್ಟು ಮಾಡಿದರೆ ನಿಮ್ಮ ಎಲೆಯ ಸುಳಿವು ಸೋರುವುದು ಅರ್ಧಕ್ಕರ್ಧ ನಿಲ್ಲುತ್ತದೆ.

ಯಾರಾದರೂ 300ಕ್ಕೆ ಏರಿಸಿದ ಮೇಲೆ ನೀವು ಮರುರೈಸ್ ಮಾಡುವುದಾದರೆ, ಫ್ಲಾಪ್ ನಂತರ ಅವರಿಗಿಂತ ಹಿಂದೆ ಮಾತಾಡುವ ಜಾಗದಲ್ಲಿದ್ದರೆ ಮೂರರಷ್ಟು, ಅಂದರೆ 900. ಬ್ಲೈಂಡ್‌ನಲ್ಲಿ ಕೂತಿದ್ದರೆ ನಾಲ್ಕರಷ್ಟು, 1,200. ಜಾಗ ಕೆಟ್ಟದಾಗಿರುವಾಗ ಕಾಲ್ ಮಾಡುವ ಆಸೆಯನ್ನು ಬೆಲೆಯಿಂದಲೇ ತಗ್ಗಿಸಬೇಕು. ಕನಿಷ್ಠ 500ಕ್ಕೆ ಏರಿಸಿದರೆ ಎದುರಾಳಿ 200 ಕೊಟ್ಟು 1,150ರ ಪಾಟ್ ನೋಡುತ್ತಾರೆ. ಶೇ. 17 ಸಾಕು. ಯಾವ ಎಲೆಯನ್ನೂ ಅವರು ಬಿಡುವುದಿಲ್ಲ.

ಯಾವ ಎಲೆ ಆಡಬೇಕು ಎಂಬುದು ಬೇರೆಯದೇ ದೊಡ್ಡ ಪಾಠ. ಬೆಟ್ಟಿಂಗ್‌ಗೆ ಬೇಕಾದಷ್ಟನ್ನೇ ಹೇಳುವುದಾದರೆ: ಆರು ಜನರ ಮೇಜಿನಲ್ಲಿ ಮೊದಲು ಮಾತಾಡುವ ಜಾಗದಿಂದ ಆರರಲ್ಲಿ ಒಂದು ಕೈಯನ್ನಷ್ಟೇ ತೆರೆಯಿರಿ, ಬಟನ್‌ನಿಂದ ಹತ್ತರಲ್ಲಿ ನಾಲ್ಕರವರೆಗೂ ಹೋಗಬಹುದು. ಅಮೆರಿಕದ ಹೆಸರಾಂತ ಆಟಗಾರ ಡಾಯ್ಲ್ ಬ್ರನ್ಸನ್ 1976 ಮತ್ತು 1977ರ ವರ್ಲ್ಡ್ ಸೀರೀಸ್ ಮುಖ್ಯ ಪಂದ್ಯಗಳೆರಡನ್ನೂ ಕೊನೆಯ ಕೈಯಲ್ಲಿ ಹತ್ತು-ಎರಡು ಹಿಡಿದು ಗೆದ್ದರು, ಆ ಎಲೆಗೆ ಅವರ ಹೆಸರೇ ಅಂಟಿಕೊಂಡಿತು. ಅದು ಇಬ್ಬರೇ ಉಳಿದಿದ್ದ ಮೇಜು. ಆರು ಜನರ ಮಧ್ಯೆ ಹತ್ತು-ಎರಡು ಕಸದ ಬುಟ್ಟಿಗೆ.

ಹಂತ 5: ಕಟ್ಟುವ ಮುನ್ನ ಒಂದು ಪ್ರಶ್ನೆ

ಫ್ಲಾಪ್ ನಂತರ ಚಿಪ್ಸ್ ಮೇಲೆ ಕೈ ಇಡುವ ಮೊದಲು ಕೇಳಿಕೊಳ್ಳಿ: ಈ ಬೆಟ್‌ಗೆ ನನಗಿಂತ ಕೆಳಗಿನ ಯಾವ ಕೈ ಕಾಲ್ ಮಾಡುತ್ತದೆ? ನನಗಿಂತ ಮೇಲಿನ ಯಾವ ಕೈ ಬಿಟ್ಟುಕೊಡುತ್ತದೆ? ಮೊದಲನೆಯದಕ್ಕೆ ಉತ್ತರವಿದ್ದರೆ ಅದು ವ್ಯಾಲ್ಯೂ ಬೆಟ್. ಎರಡನೆಯದಕ್ಕಿದ್ದರೆ ಬ್ಲಫ್. ಎರಡಕ್ಕೂ ಉತ್ತರ ಹೊಳೆಯದಿದ್ದರೆ ಬಹುತೇಕ ಚೆಕ್ ಮಾಡುವುದೇ (ಏನೂ ಕಟ್ಟದೆ ಸರದಿ ದಾಟಿಸುವುದೇ) ಸರಿ.

"ಎಲ್ಲಿದ್ದೇನೆ ಎಂದು ತಿಳಿಯಲು ಕಟ್ಟಿದೆ" ಎಂಬ ಮಾತನ್ನು ಮೇಜಿನಲ್ಲಿ ತುಂಬ ಕೇಳುತ್ತೀರಿ. ನಡುವಿನ ಜೋಡಿ ಹಿಡಿದು ಹಾಗೆ ಕಟ್ಟಿದರೆ ಕೆಳಗಿನವರು ಬಿಡುತ್ತಾರೆ, ಮೇಲಿನವರು ಏರಿಸುತ್ತಾರೆ. ತಿಳಿಯುವುದು ತಿಳಿಯುತ್ತದೆ, ಆದರೆ ಆ ತಿಳಿವಳಿಕೆಗೆ ತೆತ್ತ ಹಣ ವಾಪಸಾಗುವುದಿಲ್ಲ.

ರಿವರ್‌ಗೆ ಮೊದಲು ಮೂರನೆಯ ಕಾರಣವೊಂದಿದೆ, ರಕ್ಷಣೆ. ನಿಮ್ಮದು ಒಂಬತ್ತರ ಜೋಡಿ, ಫ್ಲಾಪ್ 8-5-2. ರಾಜ-ಗುಲಾಮ ಹಿಡಿದವರ ಬಳಿ ಇನ್ನೂ ಆರು ಔಟ್ಸ್ ಇವೆ, ಎರಡೆಲೆಯಲ್ಲಿ ಸುಮಾರು ಶೇ. 24. ಅವರು ಬಿಟ್ಟುಕೊಟ್ಟರೂ ನಿಮಗೆ ಲಾಭ, ತಪ್ಪು ಬೆಲೆಗೆ ಕಾಲ್ ಮಾಡಿದರೂ ಲಾಭ. ರಿವರ್ ಬಿದ್ದ ಮೇಲೆ ರಕ್ಷಿಸಿಕೊಳ್ಳುವುದಕ್ಕೆ ಏನೂ ಉಳಿದಿರುವುದಿಲ್ಲ, ಅಲ್ಲಿ ವ್ಯಾಲ್ಯೂ ಅಥವಾ ಬ್ಲಫ್ ಎರಡೇ.

ಹಂತ 6: ಗಾತ್ರವನ್ನು ಮೇಜಿನ ಎಲೆಗಳೇ ಹೇಳಲಿ

ಫ್ಲಾಪ್ ರಾಜ-7-2, ಮೂರೂ ಬೇರೆ ಬೇರೆ ರಂಗು. ಇಂಥದ್ದನ್ನು ಒಣ ಫ್ಲಾಪ್ ಎನ್ನೋಣ. ಫ್ಲಶ್ ಆಸೆಯಿಲ್ಲ, ಸೀಕ್ವೆನ್ಸ್ ಆಸೆಯಿಲ್ಲ. ಜೋಡಿಯಲ್ಲದ ಎರಡೆಲೆ ಫ್ಲಾಪ್‌ನಲ್ಲಿ ಜೋಡಿಯಾಗದೆ ಉಳಿಯುವುದು ಮೂರರಲ್ಲಿ ಎರಡು ಸಲ. ಆದ್ದರಿಂದ ಮೂರನೇ ಒಂದು ಭಾಗ ಸಾಕು, ನಾಲ್ಕರಲ್ಲಿ ಒಂದು ಸಲ ಎದುರಾಳಿ ಬಿಟ್ಟುಕೊಟ್ಟರೂ ಅದರ ಖರ್ಚು ಹುಟ್ಟುತ್ತದೆ. ಫ್ಲಾಪ್‌ಗೆ ಮೊದಲು ಏರಿಸಿದವರು ನೀವೇ ಆಗಿದ್ದು ಎದುರಿಗೆ ಒಬ್ಬರೇ ಇದ್ದರೆ, ಈ ಬೆಟ್ಟನ್ನು ರಾಜ ಇದ್ದರೂ ಇಲ್ಲದಿದ್ದರೂ ಕಟ್ಟಬಹುದು.

ಇನ್ನು ಫ್ಲಾಪ್ ಗುಲಾಮ-10-8, ಅದರಲ್ಲಿ ಎರಡು ಇಸ್ಪೀಟು. ಇದು ಹಸಿ ಫ್ಲಾಪ್. ರಾಣಿ, ಒಂಬತ್ತು, ಏಳು, ಎರಡು ಇಸ್ಪೀಟು, ಎಲ್ಲರ ಕೈಯಲ್ಲೂ ಏನೋ ಒಂದು ಇರುತ್ತದೆ. ಇಲ್ಲಿ ಬಲವಾದ ಕೈಯಿದ್ದರೆ ಮೂರನೇ ಎರಡರಿಂದ ನಾಲ್ಕನೇ ಮೂರರವರೆಗೆ ಕಟ್ಟಿ, ಏನೂ ಇಲ್ಲದಿದ್ದರೆ ಚೆಕ್ ಮಾಡಿ ಸುಮ್ಮನಿರಿ.

ಎದುರಾಳಿಗಳು ಹೆಚ್ಚಾದಂತೆ ಬ್ಲಫ್ ಬೇಗ ಸಾಯುತ್ತದೆ. ಒಬ್ಬೊಬ್ಬರೂ ಶೇ. 60ರಷ್ಟು ಸಲ ಬಿಟ್ಟುಕೊಡುವವರಾದರೆ ಇಬ್ಬರೂ ಬಿಡುವುದು ಶೇ. 36, ಮೂವರೂ ಬಿಡುವುದು ಶೇ. 22 ಮಾತ್ರ.

ಉಳಿದ ಚಿಪ್ಸ್‌ಗೂ ಪಾಟ್‌ಗೂ ಇರುವ ಅನುಪಾತವನ್ನೂ ಒಮ್ಮೆ ನೋಡಿ. 650ರ ಪಾಟ್, ಹಿಂದೆ 9,700 ಇದ್ದರೆ ಅನುಪಾತ 15. ಒಂದೇ ಜೋಡಿಯ ಮೇಲೆ ಅಷ್ಟೂ ಚಿಪ್ಸ್ ಹಾಕುವ ಜಾಗ ಅದಲ್ಲ. 900ರ ಮರುರೈಸ್ ಕಾಲ್ ಆಗಿ ಬ್ಲೈಂಡ್‌ಗಳು ಬಿಟ್ಟಿದ್ದರೆ ಪಾಟ್ 1,950, ಹಿಂದೆ 9,100, ಅನುಪಾತ 5ರ ಒಳಗೆ. ಎಕ್ಕ ಅಥವಾ ರಾಜನ ಜೋಡಿಯನ್ನು ಕೊನೆವರೆಗೂ ಒಯ್ಯುವ ಧೈರ್ಯಕ್ಕೆ ಇಲ್ಲಿ ಅರ್ಥವಿದೆ.

ಒಂದು ಕೈ, ಮೊದಲಿಂದ ಕೊನೆವರೆಗೆ

ನೀವು ಬಟನ್, ಕೈಯಲ್ಲಿ ಇಸ್ಪೀಟಿನ ಎಕ್ಕ, ಡೈಮಂಡ್ ರಾಣಿ. 300ಕ್ಕೆ ಏರಿಸಿದಿರಿ, ಬಿಗ್ ಬ್ಲೈಂಡ್ ಕಾಲ್. ಪಾಟ್ 650.

ಫ್ಲಾಪ್: ಆಟಿನ್ ರಾಣಿ, ಆಟಿನ್ ಎಂಟು, ಕಳಾವರ್ ಮೂರು. ಎದುರಾಳಿ ಚೆಕ್. ನಿಮ್ಮದು ಮೇಲಿನ ಜೋಡಿ, ಪಕ್ಕಕ್ಕೆ ಎಕ್ಕ. ಕೆಳಗಿನ ರಾಣಿಗಳು, ಎಂಟುಗಳು, ಆಟಿನ್ ಆಸೆಗಳು ಎಲ್ಲವೂ ಕಾಲ್ ಮಾಡುತ್ತವೆ. 430 ಕಟ್ಟಿ. ಎದುರಾಳಿಗೆ ಸುಮಾರು ಶೇ. 28.5 ಬೇಕು. ಮುಂದಿನ ಎಲೆಯಲ್ಲಿ ಆಟಿನ್ ಬೀಳುವುದು ಶೇ. 19. ಕಾಲ್ ಬಂತು, ಪಾಟ್ 1,510.

ಟರ್ನ್: ಇಸ್ಪೀಟು ಐದು. ಏನೂ ಬದಲಾಗಿಲ್ಲ. ಹೊಸಬರು ಇಲ್ಲಿ ಹೆದರಿ ಚೆಕ್ ಮಾಡುತ್ತಾರೆ, ಆಟಿನ್ ಆಸೆಗೆ ಪುಕ್ಕಟೆ ಎಲೆ ಕೊಟ್ಟಂತಾಗುತ್ತದೆ. 1,000 ಕಟ್ಟಿ. ಮತ್ತೆ ಅದೇ ತಪ್ಪು ಬೆಲೆ. ಕಾಲ್, ಪಾಟ್ 3,510.

ರಿವರ್: ಡೈಮಂಡ್ ಎರಡು. ಎದುರಾಳಿ ಚೆಕ್. ಈಗ ಎಣಿಸಬೇಕು. ನಿಮ್ಮ ಕೈಯಲ್ಲೊಂದು, ಮೇಜಿನಲ್ಲೊಂದು ರಾಣಿ ಹೋಗಿ ಉಳಿದಿರುವುದು ಎರಡು. ರಾಜ-ರಾಣಿ ಎಂಟು ಬಗೆಯಲ್ಲಿ ಬರಬಹುದು, ರಾಣಿ-ಗುಲಾಮ ಎಂಟು, ರಾಣಿ-ಹತ್ತು ಎಂಟು. ಒಟ್ಟು 24 ಕೈಗಳನ್ನು ನೀವು ಗೆಲ್ಲುತ್ತೀರಿ. ನಿಮ್ಮನ್ನು ಗೆಲ್ಲುವವುಗಳಲ್ಲಿ ಮುಖ್ಯವಾದವು: ಎಂಟರ ಜೋಡಿ ಮೂರು ಬಗೆ, ಐದರ ಜೋಡಿ ಮೂರು, ಮೂರರ ಜೋಡಿ ಮೂರು, ಒಂದೇ ರಂಗಿನ ರಾಣಿ-ಎಂಟು ಎರಡು. ಒಟ್ಟು 11. ಕಾಲ್ ಮಾಡುವವರಲ್ಲಿ ಅರ್ಧಕ್ಕಿಂತ ಹೆಚ್ಚು ಜನರನ್ನು ಗೆದ್ದರೆ ವ್ಯಾಲ್ಯೂ ಬೆಟ್ ಲಾಭದ್ದು, ಇಲ್ಲಿ 35ರಲ್ಲಿ 24. ಕಟ್ಟಲೇಬೇಕು. ಆಟಿನ್ ಆಸೆ ತಪ್ಪಿದವರು ಎಷ್ಟು ಕಟ್ಟಿದರೂ ಬಿಡುತ್ತಾರೆ, ಅವರನ್ನು ಲೆಕ್ಕಕ್ಕೆ ಹಿಡಿಯಬೇಡಿ. ರಾಣಿ-ಹತ್ತಿನವರು ಕೊಡಲು ಒಪ್ಪುವ ಗಾತ್ರ ಯಾವುದು? ಅರ್ಧ ಪಾಟ್, 1,700ರ ಹತ್ತಿರ.

ಇಷ್ಟಾದ ಮೇಲೆ ಅವರು 5,500ಕ್ಕೆ ಏರಿಸಿದರೆ? ಹೊಸಬರ ಮೇಜಿನಲ್ಲಿ ರಿವರ್‌ನ ದೊಡ್ಡ ರೈಸ್ ಬ್ಲಫ್ ಆಗಿರುವುದು ಬಲು ಅಪರೂಪ. ಆ 11ರಲ್ಲೊಂದು ಎದುರಿಗಿದೆ ಎಂದುಕೊಂಡು ಬಿಟ್ಟುಬಿಡಿ. ರಿವರ್ ಡೈಮಂಡ್ ಎರಡರ ಬದಲು ಆಟಿನ್ ಆರು ಆಗಿದ್ದರೆ, ಎದುರಾಳಿ ಚೆಕ್ ಮಾಡಿದಾಗ ನೀವೂ ಚೆಕ್ ಮಾಡಿ ಎಲೆ ತೋರಿಸಿ. ನಿಮಗಿಂತ ಕೆಳಗಿನವರು ಅಲ್ಲಿ ಕಾಲ್ ಮಾಡುವುದು ಕಡಿಮೆ.

ಬ್ಲಫ್: ಏನೂ ಇಲ್ಲದಾಗಲ್ಲ, ಏನೋ ಬರುವಂತಿರುವಾಗ

ಹೊಸಬರಿಗೆ ಹೊಂದುವ ಬ್ಲಫ್ ಎಂದರೆ ಸೆಮಿ-ಬ್ಲಫ್. ಈಗ ಸೋತಿರುವ, ಆದರೆ ಔಟ್ಸ್ ಇರುವ ಕೈಯಿಂದ ಕಟ್ಟುವುದು. ಕೈಯಲ್ಲಿ ಇಸ್ಪೀಟಿನ ಎಕ್ಕ-ಐದು, ಫ್ಲಾಪ್ ರಾಜ-9-4, ಅದರಲ್ಲಿ ಎರಡು ಇಸ್ಪೀಟು. 650ಕ್ಕೆ 430 ಕಟ್ಟಿದರೆ ಶೇ. 40ರಷ್ಟು ಸಲ ಬಿಟ್ಟುಕೊಡಬೇಕಿತ್ತು. ಆದರೆ ಕಾಲ್ ಆದಾಗಲೂ ನಿಮ್ಮ ಬಳಿ ಒಂಬತ್ತು ಇಸ್ಪೀಟು, ಬಹುಶಃ ಮೂರು ಎಕ್ಕವೂ ಉಳಿದಿರುವುದರಿಂದ ಅದಕ್ಕಿಂತ ಎಷ್ಟೋ ಕಡಿಮೆ ಸಾಕು.

ಇದರ ಅತಿ ಪ್ರಸಿದ್ಧ ಉದಾಹರಣೆ 2003ರ ವರ್ಲ್ಡ್ ಸೀರೀಸ್ ಮುಖ್ಯ ಪಂದ್ಯದ ಕೊನೆಯ ಇಬ್ಬರ ನಡುವಿನದು. ಟೆನೆಸ್ಸೀಯ ಲೆಕ್ಕಿಗ ಕ್ರಿಸ್ ಮನಿಮೇಕರ್ ಕೈಯಲ್ಲಿ ರಾಜ-ಏಳು, ಟರ್ನ್ ಹೊತ್ತಿಗೆ ಇಸ್ಪೀಟು ಆಸೆಯೂ ಇತ್ತು, ಸೀಕ್ವೆನ್ಸ್ ಆಸೆಯೂ ಇತ್ತು. ಅಲ್ಲಿ ಅವರು ರೈಸ್ ಮಾಡಿದರು. ರಿವರ್‌ನಲ್ಲಿ ಎರಡೂ ತಪ್ಪಿದವು, ಆಲ್-ಇನ್ ತಳ್ಳಿದರು. ಒಂಬತ್ತರ ಜೋಡಿ ಹಿಡಿದಿದ್ದ ಸ್ಯಾಮ್ ಫರ್ಹಾ ತುಂಬ ಹೊತ್ತು ಯೋಚಿಸಿ ಬಿಟ್ಟುಕೊಟ್ಟರು. ಬರೀ ಧೈರ್ಯ ಎಂದು ಇದನ್ನು ಹೊಗಳುವವರೇ ಹೆಚ್ಚು. ನೋಡಬೇಕಾದದ್ದು ಟರ್ನ್‌ನ ರೈಸ್. ಫ್ಲಶ್ ಹಿಡಿದವರೂ ಅಲ್ಲಿ ಹಾಗೆಯೇ ಏರಿಸುತ್ತಿದ್ದರು. ರಿವರ್‌ನ ಮಾತಿಗೂ ಟರ್ನ್‌ನ ಮಾತಿಗೂ ಮೇಳವಿತ್ತು, ಅದಕ್ಕೇ ನಂಬಿಕೆ ಬಂತು. ಎರಡು ಸುತ್ತು ಚೆಕ್ ಮಾಡಿ ರಿವರ್‌ನಲ್ಲಿ ಇದ್ದಕ್ಕಿದ್ದಂತೆ ಗುಡುಗುವವರನ್ನು ಜನ ನಂಬದೆ ಕಾಲ್ ಮಾಡುವುದೂ ಇದೇ ಕಾರಣಕ್ಕೆ.

ಎಷ್ಟು ಬ್ಲಫ್ ಮಾಡಬೇಕು? ರಿವರ್‌ನಲ್ಲಿ ಪೂರ್ತಿ ಪಾಟ್ ಕಟ್ಟುವಾಗ ಮೂರರಲ್ಲೊಂದು, ಅರ್ಧ ಪಾಟ್ ಕಟ್ಟುವಾಗ ನಾಲ್ಕರಲ್ಲೊಂದು. ಹಂತ 2ರಲ್ಲಿ ಕಾಲ್ ಮಾಡುವವರಿಗೆ ಬೇಕಾದ ಶೇಕಡಾವಾರೇ ಇಲ್ಲಿ ತಿರುಗಿ ಬಂದಿದೆ. ಯಾವುದನ್ನೂ ಬಿಡದೆ ಕಾಲ್ ಮಾಡುವ ಎದುರಾಳಿಯಾದರೆ ಸೊನ್ನೆ. ಅವರ ಮುಂದೆ ವ್ಯಾಲ್ಯೂ ಬೆಟ್‌ನ್ನು ದೊಡ್ಡದು ಮಾಡಿ, ಅಷ್ಟೇ.

ಬೆಟ್ ನಿಮ್ಮ ಕಡೆ ಬಂದಾಗ

ಮೊದಲು ಬೆಲೆ ಎಷ್ಟು ಶೇಕಡಾ ಎಂದು ನೋಡಿ. ಆಮೇಲೆ ಔಟ್ಸ್ ಅಥವಾ ಸದ್ಯ ಮುಂದಿರುವ ಸಾಧ್ಯತೆ. ಕೊನೆಗೆ, ಕಾಲ್ ಮಾಡಿದರೆ ಮುಂದಿನ ಸುತ್ತಿನಲ್ಲಿ ಏನು ಮಾಡುತ್ತೀರಿ ಎಂಬ ಯೋಜನೆ. ಮೂರನೆಯದಿಲ್ಲದೆ ಮಾಡಿದ ಕಾಲ್ ಟರ್ನ್‌ನಲ್ಲಿ ಬಿಟ್ಟುಕೊಡುವ ಕಾಲ್ ಆಗಿಬಿಡುತ್ತದೆ. ಈಗಾಗಲೇ ಪಾಟ್‌ಗೆ ಹಾಕಿದ್ದು ನಿಮ್ಮದಲ್ಲ, ಅದನ್ನು "ಉಳಿಸಿಕೊಳ್ಳಲು" ಇನ್ನಷ್ಟು ಹಾಕುವುದು ಈ ಆಟದ ಅತಿ ದುಬಾರಿ ರೋಗ. ಕೂರುವ ಮೊದಲೇ ಎಷ್ಟು ಚಿಪ್ಸ್ ಹೋದರೆ ಏಳುತ್ತೇನೆ ಎಂದು ಗೊತ್ತು ಮಾಡಿಕೊಳ್ಳಿ. ಸೋತ ಕೋಪದಲ್ಲಿ ಬೆಟ್‌ನ ಗಾತ್ರ ತಾನಾಗಿ ಉಬ್ಬುತ್ತದೆ, ಆಗ ಲೆಕ್ಕ ನಡೆಯುವುದಿಲ್ಲ.

ಮನೆಯಲ್ಲಿ ಕಲಿಯುವ ಕ್ರಮ

ಮೊದಲ ವಾರ ಆಟವೇ ಬೇಡ. ಕಟ್ಟು ಕಲೆಸಿ ಮೂರೆಲೆ ತೆರೆಯಿರಿ, ಒಣ ಫ್ಲಾಪೋ ಹಸಿಯೋ ಹೇಳಿ, 650ರ ಪಾಟ್‌ಗೆ ಎಷ್ಟು ಕಟ್ಟುತ್ತೀರಿ ಎಂದು ಬಾಯಲ್ಲಿ ಹೇಳಿ. ದಿನಕ್ಕೆ ಮೂವತ್ತು ಫ್ಲಾಪ್. ಎರಡನೇ ವಾರ ಎರಡೆಲೆ ನಿಮಗೂ ಹಂಚಿಕೊಳ್ಳಿ, ಔಟ್ಸ್ ಎಣಿಸಿ, ಎದುರಾಳಿ ಅರ್ಧ ಪಾಟ್ ಕಟ್ಟಿದರೆ ಕಾಲ್ ಸರಿಯೇ ಎಂದು ತೀರ್ಮಾನಿಸಿ, ಉಳಿದ ಎಲೆ ತಿರುಗಿಸುವ ಮೊದಲೇ ಬರೆದಿಡಿ. ಫಲಿತಾಂಶ ನೋಡಿ ಉತ್ತರ ತಿದ್ದಬಾರದು. ಸರಿಯಾದ ಬೆಲೆಗೆ ಮಾಡಿದ ಕಾಲ್ ಸೋತರೂ ಸರಿಯೇ.

ಮೂರನೇ ವಾರ ಗೆಳೆಯರನ್ನು ಕೂರಿಸಿ, ಬೀಜ ಹಂಚಿ, ಒಂದು ಹೆಚ್ಚಿನ ನಿಯಮ ಹಾಕಿ: ಬೆಟ್ ಕಟ್ಟುವವರು ಮೊತ್ತದ ಜೊತೆಗೆ ಪಾಟ್ ಎಷ್ಟಿದೆ ಎಂದೂ ಹೇಳಬೇಕು. "ಪಾಟ್ ಸಾವಿರದೈನೂರ ಹತ್ತು, ಬೆಟ್ ಒಂದು ಸಾವಿರ." ಪಾಟ್ ತಪ್ಪು ಹೇಳಿದವರ ಬೆಟ್ ಆ ಸುತ್ತಿಗೆ ಚೆಕ್ ಎಂದೇ ಲೆಕ್ಕ. ಮೊದಲ ಅರ್ಧ ಗಂಟೆ ಆಟ ಎತ್ತಿನಗಾಡಿಯ ಹಾಗೆ ಕುಂಟುತ್ತದೆ, ಎರಡನೇ ದಿನಕ್ಕೆ ಯಾರೂ ಬೀಜ ಮುಟ್ಟಿ ಎಣಿಸುವುದಿಲ್ಲ.